ಕಾಲೇಜಿನಲ್ಲಿ ನಿಮ್ಮದೊಂದು ತಂಡ: ಎಲ್ಲಿ ಸೇರಬೇಕು, ಹೇಗೆ ಉಳಿಯಬೇಕು?

ಡಿಗ್ರಿಗೆ ಸೇರಿ ತಿಂಗಳಾಗಿದೆ. ತರಗತಿಯಲ್ಲಿ ಎಂಬತ್ತು ಜನ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರೂ ಇದೆ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾರ ಪಕ್ಕ ಕೂರಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಪಿಯುಸಿಯ ಗೆಳೆಯರು ಒಬ್ಬರು ಬೆಂಗಳೂರು, ಒಬ್ಬರು ಮಂಗಳೂರು ಅಂತ ಚದುರಿ ಹೋಗಿದ್ದಾರೆ. ಕೊನೆಯ ಪೀರಿಯಡ್ ಮುಗಿದ ತಕ್ಷಣ ಬಸ್ ಸ್ಟ್ಯಾಂಡು, ಕಿವಿಗೆ ಇಯರ್‌ಫೋನು, ಆಮೇಲೆ ಮನೆ. ಹೀಗೇ ಮೂರು ವರ್ಷ ಕಳೆದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಓದಿನಲ್ಲಿ ಅವರು ಹಿಂದೆ ಬಿದ್ದವರೇನಲ್ಲ. ಆದರೆ ಬೀಳ್ಕೊಡುಗೆ ದಿನ ಫೋಟೋಕ್ಕೆ ಯಾರ ಜೊತೆ ನಿಲ್ಲಬೇಕು ಅಂತ ಸುತ್ತ ನೋಡುತ್ತಿರುತ್ತಾರೆ.

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು. ಕೆಲವು ವರ್ಷ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ, ಸಾಂಸ್ಕೃತಿಕ ಸಮಿತಿ ಎರಡನ್ನೂ ನೋಡಿಕೊಂಡಿದ್ದೇನೆ. ಅಲ್ಲಿ ಕಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ‘ಇದು ನನ್ನ ಜಾಗ’ ಅನ್ನಿಸುವುದಕ್ಕೆ ಹಾಡಲು, ಕುಣಿಯಲು ಬರಲೇಬೇಕು ಅಂತಿಲ್ಲ. ನೀವು ಒಂದು ದಿನ ಬರದಿದ್ದರೆ ‘ಇವತ್ತು ಅವನೆಲ್ಲಿ?’ ಅಂತ ಯಾರಾದರೂ ಕೇಳಬೇಕು. ಅಂಥದೊಂದು ಕೆಲಸ ನಿಮ್ಮ ಕೈಯಲ್ಲಿದ್ದರೆ ಸಾಕು, ಗೆಳೆತನ ಹಿಂದೆಯೇ ಬರುತ್ತದೆ. ಮುಂದೆ ಹೇಳುವುದೆಲ್ಲ ಅಂಥ ಕೆಲಸವನ್ನು ಹುಡುಕಿಕೊಳ್ಳುವ ದಾರಿ.

1. ಯಾವುದು ನಿಜವಾಗಿ ನಡೆಯುತ್ತಿದೆ ಅಂತ ನೋಡಿ

ಯಾವುದೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಪ್ರಾಸ್ಪೆಕ್ಟಸ್ ತೆಗೆದರೆ ಉದ್ದದ ಪಟ್ಟಿ ಸಿಗುತ್ತದೆ. ಎನ್‌ಎಸ್‌ಎಸ್, ಎನ್‌ಸಿಸಿ, ಯುವ ರೆಡ್ ಕ್ರಾಸ್, ರೋವರ್ಸ್–ರೇಂಜರ್ಸ್, ಕ್ರೀಡಾ ಸಮಿತಿ, ಸಾಂಸ್ಕೃತಿಕ ಸಮಿತಿ, ಕನ್ನಡ ಸಂಘ, ಇಕೋ ಕ್ಲಬ್, ಮೇಲೆ ಒಂದೊಂದು ವಿಭಾಗಕ್ಕೂ ಒಂದೊಂದು ಫೋರಂ. ಇದರಲ್ಲಿ ಅರ್ಧ ಕಾಗದದ ಮೇಲಿರುತ್ತದೆ. ವರ್ಷಕ್ಕೊಂದು ಉದ್ಘಾಟನೆ, ಒಂದು ಬ್ಯಾನರ್, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ವರದಿಗೆ ನಾಲ್ಕು ಫೋಟೋ. ಅಲ್ಲಿಗೆ ಮುಗಿಯಿತು.

ಹಾಗಾಗಿ ನೋಟಿಸ್ ಬೋರ್ಡ್ ಒಂದನ್ನೇ ನಂಬಬೇಡಿ, ಮೇಷ್ಟ್ರನ್ನೂ ಕೇಳಬೇಡಿ. ನಮ್ಮನ್ನು ಕೇಳಿದರೆ ನಾವು ‘ಎಲ್ಲಾ ಚೆನ್ನಾಗಿ ನಡೀತಿದೆ’ ಅಂತಲೇ ಹೇಳುತ್ತೇವೆ. ಎರಡನೇ ವರ್ಷದ ಯಾರನ್ನಾದರೂ ಹಿಡಿದು ಎರಡೇ ಪ್ರಶ್ನೆ ಕೇಳಿ. ‘ಅಣ್ಣಾ, ಹೋದ ತಿಂಗಳು ಏನು ಮಾಡಿದ್ರಿ?’ ಮತ್ತೆ, ‘ವಾರದಲ್ಲಿ ಯಾವತ್ತು ಸೇರ್ತೀರಿ?’ ಎರಡನೇ ಪ್ರಶ್ನೆಗೆ ದಿನ, ಜಾಗ ಎರಡೂ ಸಿಕ್ಕಿದರೆ ಆ ತಂಡ ಬದುಕಿದೆ. ‘ಪ್ರೋಗ್ರಾಮ್ ಇದ್ದಾಗ ಕರೀತಾರೆ’ ಅಂದರೆ ಮುಂದಿನದಕ್ಕೆ ಹೋಗಿ.

ಇದನ್ನು ಇನ್ನು ತಡಮಾಡದೆ ಮಾಡಿ ಮುಗಿಸಬೇಕು. ಎನ್‌ಸಿಸಿಗೆ ಸೀಟು ಕಡಿಮೆ. ಓಟ, ಎತ್ತರ ಅಂತ ನೋಡಿ ಆರಿಸಿಕೊಳ್ಳುತ್ತಾರೆ, ಅದೂ ವರ್ಷದ ಆರಂಭದಲ್ಲೇ. ಎನ್‌ಎಸ್‌ಎಸ್ ಘಟಕವೊಂದಕ್ಕೆ ಸಾಮಾನ್ಯವಾಗಿ ನೂರು ಜನ. ಎರಡನೇ ಸೆಮಿಸ್ಟರಿನಲ್ಲಿ ಬಂದು ‘ಸರ್, ನನ್ನ ಹೆಸರೂ ಸೇರಿಸಿಕೊಳ್ಳಿ’ ಅಂದರೆ ಆಗ ಬಹಳ ಸಲ ಕೈಕಟ್ಟಿ ಹೋಗಿರುತ್ತದೆ.

2. ಬಸ್ಸಿನ ಟೈಮು ಮೊದಲು, ಆಸಕ್ತಿ ಆಮೇಲೆ

ಇದನ್ನು ಓದಿ ನಗು ಬರಬಹುದು. ಆದರೆ ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಹುಡುಗರು ತಂಡ ಬಿಡುವುದಕ್ಕೆ ದೊಡ್ಡ ಕಾರಣ ಕೊನೆಯ ಬಸ್ಸು. ರಿಹರ್ಸಲ್ ನಾಲ್ಕೂವರೆಗೆ ಶುರುವಾಗುತ್ತದೆ, ಊರಿನ ಬಸ್ಸು ಐದೂಕಾಲಿಗೆ ಹೊರಡುತ್ತದೆ. ಎರಡು ದಿನ ಓಡೋಡಿ ಬಸ್ ಹಿಡಿಯುತ್ತಾರೆ, ಮೂರನೇ ದಿನ ಬರುವುದಿಲ್ಲ. ‘ಅವನಿಗೆ ಆಸಕ್ತಿ ಇಲ್ಲ’ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜಿನ ಚಿಂತೆ ಹೋಗಿದೆ. ಆದರೆ ಟಿಕೆಟ್ ಪುಕ್ಕಟೆ ಅಂತ ರಾತ್ರಿ ಏಳಕ್ಕೆ ನಮ್ಮೂರಿಗೊಂದು ಬಸ್ ಹೆಚ್ಚಾಗಿ ಬಿಟ್ಟಿಲ್ಲವಲ್ಲ. ಹುಡುಗರ ವಿದ್ಯಾರ್ಥಿ ಪಾಸು ಮನೆ–ಕಾಲೇಜಿನ ದಾರಿಗೆ ಮಾತ್ರ. ಸ್ಪರ್ಧೆ ಬೇರೆ ಊರಿನಲ್ಲಿದ್ದರೆ ಕೈಯಿಂದ ದುಡ್ಡು ಹಾಕಬೇಕು.

ಒಂದು ಹಾಳೆ ತೆಗೆದುಕೊಂಡು ಬರೆದು ನೋಡಿ. ಯಾವ ಯಾವ ದಿನ ಮಧ್ಯದಲ್ಲಿ ಫ್ರೀ ಪೀರಿಯಡ್ ಇದೆ? ಯಾವ ದಿನ ಕ್ಲಾಸು ಬೇಗ ಮುಗಿಯುತ್ತದೆ? ಶನಿವಾರ ಏನು ಕಥೆ? ಸಂಜೆ ಅಂಗಡಿ ಕೆಲಸಕ್ಕೆ ಹೋಗುವವರಾದರೆ ಯಾವ ದಿನ ರಜೆ? ಹೀಗೆ ಲೆಕ್ಕ ಹಾಕಿದಾಗ ವಾರಕ್ಕೆ ಮೂರು ಗಂಟೆ ಸಿಕ್ಕರೆ ಸಾಕು. ಆ ಮೂರು ಗಂಟೆಗೆ ಹೊಂದುವ ತಂಡವನ್ನು ಹುಡುಕಿ. ದಿನಾ ಸಂಜೆ ಅಭ್ಯಾಸ ಕೇಳುವ ನಾಟಕ ತಂಡ ಹಳ್ಳಿಯಿಂದ ಓಡಾಡುವವರಿಗೆ ಕಷ್ಟ. ಭಿತ್ತಿಪತ್ರಿಕೆ, ಯುವ ರೆಡ್ ಕ್ರಾಸ್, ಎನ್‌ಎಸ್‌ಎಸ್ ಕೆಲಸವನ್ನು ಹಗಲಿನಲ್ಲೇ ಮಾಡಬಹುದು.

ಮನೆಯವರ ವಿಷಯ. ‘ಡ್ಯಾನ್ಸ್ ಪ್ರಾಕ್ಟೀಸು ಇದೆ, ಲೇಟಾಗುತ್ತೆ’ ಅಂದರೆ ಅಪ್ಪನಿಗೆ ಕೇಳಿಸುವುದು ‘ಲೇಟಾಗುತ್ತೆ’ ಅನ್ನುವುದು ಮಾತ್ರ. ಯಾವ ದಿನ, ಎಷ್ಟು ಗಂಟೆವರೆಗೆ, ಜೊತೆಗೆ ಯಾರು ಬಸ್ಸಿಗೆ ಬರುತ್ತಾರೆ, ಯಾವ ಮೇಡಂ ಇರುತ್ತಾರೆ ಅನ್ನುವುದನ್ನು ಒಟ್ಟಿಗೇ ಹೇಳಿ. ಮೇಡಂ ನಂಬರ್ ಮನೆಯಲ್ಲಿ ಕೊಟ್ಟಿರಿ. ನಮಗೆ ಪೋಷಕರ ಫೋನು ಬರುವುದು ತೊಂದರೆಯೇನಲ್ಲ. ಶಿಬಿರಕ್ಕೆ ಮಗಳನ್ನು ಕಳಿಸಲು ಒಪ್ಪದ ಎಷ್ಟೋ ತಂದೆಯರು, ಒಮ್ಮೆ ಕಾಲೇಜಿಗೆ ಬಂದು ಮಾತಾಡಿ ಹೋದ ಮೇಲೆ ಒಪ್ಪಿದ್ದಾರೆ. ಬಿಸಿಎಂ ಹಾಸ್ಟೆಲ್ಲಿನಲ್ಲಿ ಇರುವವರು ವಾರ್ಡನ್‌ಗೆ ಕಾಲೇಜಿನಿಂದ ಒಂದು ಪತ್ರ ಕೊಡಿಸಿ, ಅದರಲ್ಲಿ ದಿನ, ಸಮಯ ಎರಡೂ ಇರಲಿ. ಊಟ ತೆಗೆದಿಡಲು ಅಡುಗೆಯವರಿಗೂ ಒಂದು ಮಾತು ಹೇಳಿ. ಪತ್ರಕ್ಕಿಂತ ಅದೇ ಮುಖ್ಯ.

3. ಒಂದನ್ನೇ ಆರಿಸಿಕೊಳ್ಳಿ

ಉತ್ಸಾಹದಲ್ಲಿ ಐದು ಕಡೆ ಹೆಸರು ಕೊಡುವುದು ಎಲ್ಲರೂ ಮಾಡುವ ಕೆಲಸ. ಐದು ಕಡೆಯೂ ಅರೆಬರೆ ಮುಖ ತೋರಿಸಿದರೆ ಯಾರಿಗೂ ನಿಮ್ಮ ಹೆಸರು ನೆನಪಿರುವುದಿಲ್ಲ. ಮೊದಲ ವರ್ಷ ಒಂದು ಸಾಕು. ಅದನ್ನು ಕಡೇ ಪಕ್ಷ ಎರಡು ಸೆಮಿಸ್ಟರ್ ಬಿಡದೆ ಮಾಡಿ.

ಎನ್‌ಎಸ್‌ಎಸ್ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ, ಇರಲಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಇಷ್ಟು ಮಾಡಿದರೆ ಪ್ರಮಾಣಪತ್ರ. ಇಲ್ಲಿ ಆಡಿಷನ್ ಇಲ್ಲ, ಓಟದ ಪರೀಕ್ಷೆ ಇಲ್ಲ. ಗುದ್ದಲಿ ಹಿಡಿಯಲು ಬರುತ್ತಾ, ಬಾ. ಬರಲ್ವಾ, ಬಾ, ಕಲಿ. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನಾನು ನೋಡಿಲ್ಲ.

ಎನ್‌ಸಿಸಿಯ ಗಾಳಿಯೇ ಬೇರೆ. ಬೆಳಿಗ್ಗೆ ಪರೇಡು, ಬೂಟಿಗೆ ಪಾಲಿಶು, ಕೂದಲು ಸಣ್ಣಗೆ. ಇಷ್ಟಪಟ್ಟು ಬಂದರೆ ತುಂಬಾ ಕೊಡುತ್ತದೆ, ಯಾರದೋ ಒತ್ತಾಯಕ್ಕೆ ಬಂದರೆ ಎರಡೇ ತಿಂಗಳಿಗೆ ಸಾಕಾಗುತ್ತದೆ. ಎರಡು ವರ್ಷಕ್ಕೆ ‘ಬಿ’ ಸರ್ಟಿಫಿಕೇಟ್, ಮೂರಕ್ಕೆ ‘ಸಿ’. ಸೇನೆಗೆ ಹೋಗುವ ಮನಸ್ಸಿದ್ದರೆ ಒಂದು ವಿಷಯ ತಿಳಿದಿರಲಿ. ಪದವಿಯಲ್ಲಿ ಶೇ. 50 ಅಂಕ, ‘ಸಿ’ ಸರ್ಟಿಫಿಕೇಟಿನಲ್ಲಿ ಕಡೇ ಪಕ್ಷ ‘ಬಿ’ ಗ್ರೇಡ್ ಇದ್ದವರು ಎನ್‌ಸಿಸಿ ವಿಶೇಷ ಪ್ರವೇಶದ ಮೂಲಕ ಅರ್ಜಿ ಹಾಕಬಹುದು. ಇದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಅರ್ಜಿ ಆಯ್ಕೆಯಾದವರು ನೇರವಾಗಿ, ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುತ್ತಾರೆ. ನಮ್ಮ ಹಳ್ಳಿ ಕಡೆಯ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ಹುಡುಗಿಯರಿಗೆ, ಇದು ಗೊತ್ತೇ ಇರುವುದಿಲ್ಲ.

ಸಾಂಸ್ಕೃತಿಕ ಸಮಿತಿ ಅಂದರೆ ಹಾಡು, ಡ್ಯಾನ್ಸ್ ಅಂತಲೇ ಅಂದುಕೊಳ್ಳುತ್ತೇವೆ. ವಿಶ್ವವಿದ್ಯಾಲಯದ ಯುವಜನೋತ್ಸವದ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ಸಂಗೀತ, ನೃತ್ಯ, ರಂಗಭೂಮಿ, ಸಾಹಿತ್ಯ, ಲಲಿತಕಲೆ ಅಂತ ಐದು ವಿಭಾಗ. ಲಲಿತಕಲೆಯಲ್ಲಿ ಕಾರ್ಟೂನು, ಕೊಲಾಜು, ಪೋಸ್ಟರು, ಮಣ್ಣಿನ ಮಾದರಿ, ರಂಗೋಲಿ, ಸ್ಥಳದಲ್ಲೇ ಫೋಟೋ ತೆಗೆಯುವುದು ಎಲ್ಲಾ ಇದೆ. ಸಾಹಿತ್ಯದಲ್ಲಿ ಚರ್ಚಾಸ್ಪರ್ಧೆ, ಭಾಷಣ, ಕ್ವಿಜ್. ಮಣ್ಣಿನ ಮಾದರಿಗೆ ಎಷ್ಟೋ ಕಾಲೇಜಿನಿಂದ ಹೆಸರೇ ಬರುವುದಿಲ್ಲ. ಗಣೇಶನ ಮೂರ್ತಿ ಮಾಡುವ ಮನೆಯ ಹುಡುಗ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ, ಅವನನ್ನು ಯಾರೂ ಕೇಳಿರುವುದಿಲ್ಲ. ಕೇಳುವವರೆಗೂ ಕಾಯಬೇಡಿ, ನೀವೇ ಹೋಗಿ ಹೇಳಿ.

ಓದು–ಬರಹದವರಿಗೆ ಕನ್ನಡ ಸಂಘ. ಇದಕ್ಕೆ ನಮ್ಮಲ್ಲಿ ದೊಡ್ಡ ಇತಿಹಾಸವೇ ಇದೆ. ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಶುರುವಾದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ. ಚಿ. ಶ್ರೀನಿವಾಸರಾಜು ಅವರು ಕ್ರೈಸ್ಟ್ ಕಾಲೇಜಿನಲ್ಲಿ ಕಟ್ಟಿದ ಕನ್ನಡ ಸಂಘ ರಾಜ್ಯದ ಕಾಲೇಜು ಹುಡುಗರಿಗೆಲ್ಲ ಕವನ ಸ್ಪರ್ಧೆ ಇಟ್ಟು, ಮೆಚ್ಚಿಕೊಂಡ ಕವನಗಳನ್ನು ಪುಸ್ತಕ ಮಾಡುತ್ತಿತ್ತು. ಆಮೇಲೆ ಹೆಸರು ಮಾಡಿದ ಎಷ್ಟೋ ಕವಿಗಳು ಅಲ್ಲಿಂದಲೇ ಬಂದವರು. ನಿಮ್ಮ ಕಾಲೇಜಿನ ಸಂಘ ಅಷ್ಟು ದೊಡ್ಡದಾಗಬೇಕಿಲ್ಲ. ಕಾರಿಡಾರಿನ ಒಂದು ಬೋರ್ಡು, ಹದಿನೈದು ದಿನಕ್ಕೊಮ್ಮೆ ಬದಲಾಗುವ ಭಿತ್ತಿಪತ್ರಿಕೆ, ಇಷ್ಟಿದ್ದರೂ ಸಾಕು.

ಜನ ಜಂಗುಳಿಯೇ ಆಗದವರು ಏನು ಮಾಡಬೇಕು? ಅವರಿಗೂ ದಾರಿ ಇದೆ. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ಕಾಲೇಜುಗಳಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತದೆ. ಕಡೇ ಪಕ್ಷ ಹದಿನೈದು ನಿಮಿಷ ಸುಮ್ಮನೆ ನಿಂತು, ಕಂಡ ಹಕ್ಕಿಗಳನ್ನು ಬರೆದು ಇ–ಬರ್ಡ್ ಆ್ಯಪ್‌ಗೆ ಹಾಕುವುದು. ಮಾತಾಡಿದರೆ ಹಕ್ಕಿ ಹಾರಿಹೋಗುತ್ತದೆ, ಹಾಗಾಗಿ ಮೌನಿಗಳಿಗೇ ಇಲ್ಲಿ ಬೆಲೆ ಜಾಸ್ತಿ! ಕನ್ನಡ ವಿಕಿಪೀಡಿಯಕ್ಕೆ ನಿಮ್ಮೂರಿನ ಬಗ್ಗೆ, ನಿಮ್ಮ ವಿಷಯದ ಬಗ್ಗೆ ಲೇಖನ ಬರೆಯುವುದು ಇನ್ನೊಂದು. ಯುವ ರೆಡ್ ಕ್ರಾಸ್‌ನಲ್ಲಿ ರಕ್ತದಾನಿಗಳ ಪಟ್ಟಿ ನೋಡಿಕೊಳ್ಳುವ ಕೆಲಸವೂ ಸದ್ದಿಲ್ಲದ್ದೇ. ಹದಿನೆಂಟು ತುಂಬಿರಬೇಕು, ತೂಕ 45 ಕೆ.ಜಿ.ಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು, ಒಮ್ಮೆ ಕೊಟ್ಟ ಮೇಲೆ ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಬಿಡಬೇಕು. ಇದನ್ನೆಲ್ಲ ಗುರುತಿಟ್ಟುಕೊಂಡು, ಆಸ್ಪತ್ರೆಯಿಂದ ಫೋನ್ ಬಂದಾಗ ಸರಿಯಾದವರನ್ನು ಕಳಿಸುವ ಒಬ್ಬ ಹುಡುಗಿ ಇದ್ದರೆ ಇಡೀ ಕಾಲೇಜಿಗೆ ಅವಳ ಹೆಸರು ಗೊತ್ತಿರುತ್ತದೆ.

4. ಮೊದಲ ತಿಂಗಳು ಸಣ್ಣ ಕೆಲಸವನ್ನು ಕೇಳಿ ತೆಗೆದುಕೊಳ್ಳಿ

ಹೊಸಬರು ಸಾಮಾನ್ಯವಾಗಿ ಗೋಡೆಗೆ ಒರಗಿ ನಿಂತಿರುತ್ತಾರೆ. ಯಾರಾದರೂ ಕರೆಯಲಿ ಅಂತ. ಸೀನಿಯರುಗಳಿಗೆ ಅವರದ್ದೇ ಗಡಿಬಿಡಿ, ಕರೆಯುವುದಿಲ್ಲ. ಇವರು ‘ಇಲ್ಲಿ ಗುಂಪುಗಾರಿಕೆ’ ಅಂತ ಬೇಜಾರು ಮಾಡಿಕೊಂಡು ಹೋಗುತ್ತಾರೆ.

‘ನಾನೇನು ಮಾಡಲಿ?’ ಅಂತ ಕೇಳುವುದಕ್ಕಿಂತ ‘ಇದನ್ನು ನಾನು ನೋಡ್ಕೊಳ್ಲಾ?’ ಅಂತ ಕೇಳಿ. ಮೊದಲ ಪ್ರಶ್ನೆಗೆ ಸೀನಿಯರ್ ಯೋಚಿಸಿ ಉತ್ತರ ಕೊಡಬೇಕು. ಎರಡನೆಯದಕ್ಕೆ ‘ಹೂಂ ನೋಡ್ಕೋ’ ಅಂದರೆ ಮುಗಿಯಿತು.

ಪ್ರಹಸನದ ತಂಡವನ್ನೇ ತೆಗೆದುಕೊಳ್ಳಿ. ಸ್ಪರ್ಧೆಯಲ್ಲಿ ವೇದಿಕೆ ಮೇಲೆ ಹೆಚ್ಚೆಂದರೆ ಆರು ಜನ, ಸಮಯ ಹತ್ತು ನಿಮಿಷ. ಆರು ಜನ ಆಡಬೇಕಾದರೆ ಹೊರಗೆ ನಾಲ್ವರು ಬೇಕು. ಒಂದು ವರ್ಷ ನಮ್ಮ ತಂಡಕ್ಕೆ ಬಂದ ಹುಡುಗನೊಬ್ಬನಿಗೆ ಮಾತಾಡಲು ನಿಂತರೆ ಬೆವರು. ಅವನಿಗೆ ಮೊಬೈಲಿನ ಸ್ಟಾಪ್‌ವಾಚ್ ಕೊಟ್ಟು ಕೂರಿಸಿದೆವು. ದಿನಾ ರಿಹರ್ಸಲ್ಲಿನಲ್ಲಿ ಯಾವ ದೃಶ್ಯಕ್ಕೆ ಎಷ್ಟು ಸೆಕೆಂಡ್ ಅಂತ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಆಮೇಲೆ ಸಾಮಾನಿನ ಪಟ್ಟಿಯೂ ಅವನ ಕೈಗೆ ಬಂತು. ಟವಲ್ಲು, ಒಡೆದ ಕನ್ನಡಕ, ಪೇಪರ್ ಸುತ್ತಿದ ದೊಣ್ಣೆ, ಸೇಫ್ಟಿ ಪಿನ್ನು ಒಂದು ಡಜನ್. ಸೇಫ್ಟಿ ಪಿನ್ನನ್ನು ಅವನು ತನ್ನ ಶರ್ಟಿನ ಒಳಗಡೆ ಸಾಲಾಗಿ ಚುಚ್ಚಿಕೊಂಡಿರುತ್ತಿದ್ದ. ಯಾರ ಪಂಚೆ ಜಾರಿದರೂ ಅವನ ಹೆಸರನ್ನೇ ಕೂಗುವುದು. ತಿಂಗಳಿಗೆಲ್ಲ ಹೇಗಾಯಿತು ಅಂದರೆ, ಹನ್ನೊಂದೂವರೆ ನಿಮಿಷ ಎಳೆಯುತ್ತಿದ್ದ ಪ್ರಹಸನದಲ್ಲಿ ಯಾವ ಮಾತು ಕತ್ತರಿಸಬೇಕು ಅಂತ ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಯಾಕೆಂದರೆ ಎಲ್ಲಿ ಸಮಯ ಸೋರುತ್ತಿದೆ ಅಂತ ಬರೆದಿಟ್ಟವನು ಅವನೊಬ್ಬನೇ. ಆ ವರ್ಷ ಬಹುಮಾನ ಬರಲಿಲ್ಲ. ಆದರೆ ಮುಂದಿನ ವರ್ಷದ ತಂಡವನ್ನು ಅವನೇ ಕಟ್ಟಿದ.

ಇಂಥ ಕೆಲಸ ಎಲ್ಲ ಕಡೆ ಇರುತ್ತದೆ. ಹಾಜರಿ ಪುಸ್ತಕ, ಮೈಕ್ ಸೆಟ್ಟಿನವರ ಜೊತೆ ಮಾತು, ಫೋಟೋಗಳನ್ನು ಒಂದು ಕಡೆ ಕೂಡಿಸುವುದು, ಕ್ರೀಡಾ ಸಾಮಾನಿನ ಬೀಗದ ಕೈ. ಬೀಗದ ಕೈ ನಿಮ್ಮ ಹತ್ತಿರ ಇದ್ದರೆ ನಿಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತಾರೆ.

ಒಂದೇ ಎಚ್ಚರಿಕೆ. ಒಪ್ಪಿಕೊಂಡ ಕೆಲಸಕ್ಕೆ ಬರಲು ಆಗದಿದ್ದರೆ ಹಿಂದಿನ ದಿನವೇ ಹೇಳಿ. ಬರದೇ ಇರುವುದನ್ನು ಜನ ಮರೆಯುತ್ತಾರೆ, ಹೇಳದೇ ಇರುವುದನ್ನು ಮರೆಯುವುದಿಲ್ಲ.

5. ಏಳು ದಿನದ ಶಿಬಿರಕ್ಕೆ ಹೋಗಿ, ನೆಪ ಹೇಳಬೇಡಿ

ಎನ್‌ಎಸ್‌ಎಸ್‌ನ ಒಂದು ಘಟಕದ ನೂರು ಜನರಲ್ಲಿ ಒಂದು ಶಿಬಿರಕ್ಕೆ ಐವತ್ತು ಜನ ಹೋಗುತ್ತಾರೆ. ದತ್ತು ತೆಗೆದುಕೊಂಡ ಹಳ್ಳಿಯ ಸರ್ಕಾರಿ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವಾಸ. ಹುಡುಗಿಯರಿಗೆ ಬೇರೆ ಕೋಣೆ, ಜೊತೆಗೆ ಮೇಡಂ. ಶಿಬಿರಾರ್ಥಿಗಳನ್ನು ಕಾವೇರಿ, ತುಂಗಾ, ಶರಾವತಿ ಅಂತ ತಂಡ ಮಾಡುತ್ತೇವೆ. ಇಲ್ಲಿ ಗೆಳೆಯರನ್ನು ಬೇಕಂತಲೇ ಬೇರೆ ಬೇರೆ ತಂಡಕ್ಕೆ ಹಾಕುತ್ತೇವೆ, ಬೈದುಕೊಳ್ಳಬೇಡಿ.

ಬೆಳಿಗ್ಗೆ ಬೇಗ ಎದ್ದು ಪ್ರಭಾತಫೇರಿ, ಧ್ವಜಾರೋಹಣ, ತಿಂಡಿ. ಆಮೇಲೆ ಬಿಸಿಲೇರುವವರೆಗೆ ಶ್ರಮದಾನ. ಚರಂಡಿ, ಇಂಗುಗುಂಡಿ, ಕಲ್ಯಾಣಿಯ ಹೂಳು, ಶಾಲೆಯ ಗೋಡೆಗೆ ಬಣ್ಣ, ಹೀಗೆ ಊರಿಗೆ ಬೇಕಾದದ್ದು. ಮಧ್ಯಾಹ್ನ ಉಪನ್ಯಾಸ. ಊಟ ಆದ ಮೇಲೆ ಉಪನ್ಯಾಸ ಇಡುವುದು ಶಿಬಿರಾರ್ಥಿಗಳಿಗೂ ಭಾಷಣಕಾರರಿಗೂ ಮಾಡುವ ಅನ್ಯಾಯ, ಆದರೂ ನಡೆದುಕೊಂಡು ಬಂದಿದೆ. ಸಂಜೆ ಮನೆಮನೆ ಸಮೀಕ್ಷೆ, ರಾತ್ರಿ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ.

ಆದರೆ ನಿಜವಾದ ಶಿಬಿರ ನಡೆಯುವುದು ಅಡುಗೆ ಪಾಳಿಯಲ್ಲಿ. ಐವತ್ತು ಜನರ ಉಪ್ಪಿಟ್ಟನ್ನು ಯಾರೂ ಮನೆಯಲ್ಲಿ ಮಾಡಿ ನೋಡಿರುವುದಿಲ್ಲ. ಕೊಪ್ಪರಿಗೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಒಬ್ಬ ರವೆ ಸುರಿಯುತ್ತಾನೆ, ಇನ್ನೊಬ್ಬಳು ಉದ್ದನೆಯ ಸೌಟಿನಿಂದ ತಿರುವಬೇಕು. ಸುರಿಯುವವನ ಕೈ ಜೋರಾಯಿತೋ, ಗಂಟೋ ಗಂಟು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ‘ಉರಿ ತಗ್ಗಿಸ್ರೋ, ತಳ ಹಿಡೀತದೆ!’ ಅಂತ ಕೂಗಿ, ಕೊನೆಗೆ ತಾಳಲಾರದೆ ತಾನೇ ಬಂದು ಸೌಟು ಕಿತ್ತುಕೊಳ್ಳುತ್ತಾಳೆ. ಅವತ್ತು ಗಂಟು ಗಂಟು ಉಪ್ಪಿಟ್ಟು ತಿಂದವರು, ಬಡಿಸಿದವರು ಒಬ್ಬರನ್ನೊಬ್ಬರು ಮರೆಯಲು ಸಾಧ್ಯವೇ ಇಲ್ಲ. ತರಗತಿಯಲ್ಲಿ ಆರು ತಿಂಗಳು ಒಂದೇ ಬೆಂಚಿನಲ್ಲಿ ಕೂತು ‘ಹಾಯ್’ ಅಷ್ಟೇ ಅಂದುಕೊಂಡವರು, ಶಿಬಿರದ ನಾಲ್ಕನೇ ದಿನಕ್ಕೆ ಒಬ್ಬರ ಬಕೆಟ್ಟಿನಲ್ಲಿ ಇನ್ನೊಬ್ಬರು ಬಟ್ಟೆ ನೆನೆಸಿರುತ್ತಾರೆ.

ಯಾಕೆ ಹೀಗೆ? ಅಲ್ಲಿ ಮನೆಗೆ ಓಡಿಹೋಗುವ ಬಸ್ಸಿಲ್ಲ. ಜಗಳ ಆದರೂ ರಾತ್ರಿ ಅದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು. ಬೇರೆ ಬೇರೆ ಜಾತಿ, ಬೇರೆ ಬೇರೆ ಊಟದ ಅಭ್ಯಾಸದವರು ಒಂದೇ ಪಾತ್ರೆ ತಿಕ್ಕಬೇಕು. ಜಾತಿಯವರ ಜೊತೆಗೇ ತಿರುಗುವ ಗುಂಪುಗಳು ಕಾಲೇಜಿನಲ್ಲಿ ಇಲ್ಲ ಅಂತ ನಾನೇನು ಹೇಳುವುದಿಲ್ಲ. ಪಾತ್ರೆ ತಿಕ್ಕುವ ಪಾಳಿ ಅದನ್ನು ಸ್ವಲ್ಪವಾದರೂ ಸಡಿಲ ಮಾಡುತ್ತದೆ.

ಹೋಗುವಾಗ ತಟ್ಟೆ, ಲೋಟ, ಹಾಸಿಗೆ, ಟಾರ್ಚು, ನಿಮ್ಮ ಮಾತ್ರೆ, ಹಳೇ ಬಟ್ಟೆ, ಒಂದು ಬೀಗ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ತರಬೇಡಿ ಅಂದರೆ ಯಾರು ಕೇಳುತ್ತಾರೆ, ತನ್ನಿ.

6. ಇಂಗ್ಲಿಷಿನ ಅಳುಕು, ಮೈಕಿನ ಪಾಲು

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರು, ಮೈಸೂರಿನ ಕಾಲೇಜು ಸೇರಿದವರು ಕ್ಲಬ್ಬಿನ ಮೊದಲ ಮೀಟಿಂಗಿಗೆ ಹೋಗಿ ಎದ್ದು ಬರುವುದು ಇಂಗ್ಲಿಷಿನ ದೆಸೆಯಿಂದ. ನಾನು ಹೇಳುವುದಿಷ್ಟು. ಅರ್ಥವಾಗುವುದಿದ್ದರೆ ಕೂತುಕೊಳ್ಳಿ, ಉತ್ತರವನ್ನು ಕನ್ನಡದಲ್ಲೇ ಕೊಡಿ. ಆ ಕೋಣೆಯಲ್ಲಿ ನಿಮ್ಮ ಹಾಗೇ ತಡವರಿಸುತ್ತಿರುವವರು ಇನ್ನೂ ನಾಲ್ವರಿರುತ್ತಾರೆ, ನೀವು ಬಾಯಿಬಿಟ್ಟರೆ ಅವರಿಗೂ ಧೈರ್ಯ ಬರುತ್ತದೆ. ಫೆಸ್ಟ್ ನಡೆಸುವಾಗ ಅಂಗಡಿಗಳಿಗೆ ಹೋಗಿ ಜಾಹೀರಾತು ಕೇಳಬೇಕು, ಶಾಮಿಯಾನದವನ ಹತ್ತಿರ ಚೌಕಾಶಿ ಮಾಡಬೇಕು, ಪೊಲೀಸ್ ಠಾಣೆಯಲ್ಲಿ ಅನುಮತಿ ಪಡೆಯಬೇಕು. ಅಲ್ಲೆಲ್ಲ ಬೇಕಾಗುವುದು ಕನ್ನಡವೇ. ಇಂಗ್ಲಿಷು ಆಮೇಲೆ ಬರುತ್ತದೆ. ಎದುರಿಗಿರುವವರು ನಿಮ್ಮವರೇ ಅಂತಾದ ಮೇಲೆ ತಪ್ಪು ಮಾತಾಡಲು ಹೆದರಿಕೆ ಇರುವುದಿಲ್ಲ.

ಹುಡುಗಿಯರಿಗೆ ಒಂದು ಮಾತು. ಯಾವ ಕಾರ್ಯಕ್ರಮವೇ ಆಗಲಿ, ರಂಗೋಲಿ, ಹೂಗುಚ್ಛದ ತಟ್ಟೆ, ಪ್ರಾರ್ಥನೆ ನಿಮಗೆ. ಲೆಕ್ಕ, ಮೈಕು, ಓಡಾಟ ಹುಡುಗರಿಗೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಸುಮ್ನೆ ನಡೆದುಕೊಂಡು ಬಂದದ್ದು. ಅದಕ್ಕೇ ಕೇಳಿದರೆ ಸಿಗುತ್ತದೆ. ‘ಸರ್, ಈ ಸಲ ನಿರೂಪಣೆ ನಾನು ಮಾಡ್ತೀನಿ’, ‘ಖರ್ಚಿನ ಲೆಕ್ಕ ನಾನು ಬರೀತೀನಿ’ ಅಂತ ಮೀಟಿಂಗಿನಲ್ಲೇ ಎಲ್ಲರೆದುರು ಹೇಳಿ. ಬೇಡ ಅನ್ನಲು ಯಾರಿಗೂ ಕಾರಣ ಸಿಗುವುದಿಲ್ಲ.

ದುಡ್ಡಿನ ವಿಷಯದಲ್ಲೂ ಬಾಯಿಬಿಡಿ. ಜನಪದ ನೃತ್ಯಕ್ಕೆ ಬಾಡಿಗೆ ಡ್ರೆಸ್ಸು, ಮೇಕಪ್ಪು ಅಂತ ತಲೆಗೆ ಇಷ್ಟು ಅಂತ ಎತ್ತುತ್ತಾರೆ. ಕೊಡಲಾಗದವರು ಕಾರಣ ಹೇಳದೆ ತಂಡ ಬಿಟ್ಟುಬಿಡುತ್ತಾರೆ. ಸಾಂಸ್ಕೃತಿಕ ಚಟುವಟಿಕೆಗೆ ಅಂತ ಅಡ್ಮಿಷನ್ ಸಮಯದಲ್ಲೇ ಎಷ್ಟೋ ಕಾಲೇಜುಗಳು ಶುಲ್ಕ ತೆಗೆದುಕೊಂಡಿರುತ್ತವೆ. ಆ ಹಣದಿಂದ ಕೊಡಲು ಆಗುತ್ತದೆಯೇ ಅಂತ ಸಂಚಾಲಕರನ್ನು ಒಬ್ಬರೇ ಹೋಗಿ ಕೇಳಿ.

7. ಹಾಜರಾತಿ ಮತ್ತು ಕಾಗದ ಪತ್ರ

ಚುಟುಕಾಗಿ ಹೇಳುತ್ತೇನೆ. ಪದವಿಯಲ್ಲಿ ಶೇ. 75 ಹಾಜರಾತಿ ಬೇಕು. ಸ್ಪರ್ಧೆಗೆ, ಶಿಬಿರಕ್ಕೆ ಹೋದ ದಿನಕ್ಕೆ ಒ.ಡಿ. (ಆನ್ ಡ್ಯೂಟಿ, ಅಂದರೆ ಹಾಜರಿ ಅಂತಲೇ ಲೆಕ್ಕ) ಸಿಗುತ್ತದೆ. ಆದರೆ ಪತ್ರವನ್ನು ಹೋಗುವ ಮೊದಲೇ ಸಹಿ ಮಾಡಿಸಿಕೊಂಡು, ಪ್ರತಿ ವಿಷಯದ ಮೇಷ್ಟ್ರಿಗೆ ತೋರಿಸಿ ಹೋಗಬೇಕು. ಸೆಮಿಸ್ಟರ್ ಕೊನೆಯಲ್ಲಿ ಹಳೇ ಒ.ಡಿ. ಹಿಡಿದುಕೊಂಡು ಬಂದರೆ ನಮಗೂ ತಲೆನೋವು, ನಿಮಗೂ. ಇಂಟರ್ನಲ್ ಟೆಸ್ಟ್ ಮತ್ತು ಸ್ಪರ್ಧೆ ಒಂದೇ ದಿನ ಬಿದ್ದರೆ ಹಿಂದಿನ ವಾರವೇ ಹೋಗಿ ಮಾತಾಡಿ.

ವಿಟಿಯು ಎಂಜಿನಿಯರಿಂಗ್‌ನವರಿಗೆ ಇದು ಆಯ್ಕೆಯ ಮಾತಲ್ಲ. ನಾಲ್ಕು ವರ್ಷದಲ್ಲಿ ಪಾಠದ ಹೊರಗಿನ ಚಟುವಟಿಕೆಗೆ ಅಂತ 100 ಆ್ಯಕ್ಟಿವಿಟಿ ಪಾಯಿಂಟ್ಸ್, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಹಲವರು ಏಳನೇ ಸೆಮಿಸ್ಟರಿನಲ್ಲಿ ಎಲ್ಲಿಂದಲೋ ಫೋಟೋ, ರಿಪೋರ್ಟು ಹೊಂದಿಸುತ್ತಾರೆ. ಹೇಗಿದ್ದರೂ ಮಾಡಲೇಬೇಕಾದ್ದನ್ನು ಮೊದಲ ವರ್ಷದಿಂದ ಒಂದೇ ತಂಡದ ಜೊತೆ ಮಾಡಿದರೆ ಪಾಯಿಂಟೂ ಬಂತು, ಜನವೂ ಸಿಕ್ಕರು.

ಸರ್ಟಿಫಿಕೇಟ್ ಬಗ್ಗೆ ಅತಿಯಾಸೆ ಬೇಡ. ಸಂದರ್ಶನದಲ್ಲಿ ಯಾರೂ ಫೈಲು ತಿರುವಿ ಹಾಕುವುದಿಲ್ಲ. ‘ಐವತ್ತು ಜನರ ಶಿಬಿರದ ಅಡುಗೆ ಸಾಮಾನಿನ ಲೆಕ್ಕ ಏಳು ದಿನ ನಾನು ನೋಡಿಕೊಂಡೆ, ಮೂರನೇ ದಿನ ಗ್ಯಾಸ್ ಖಾಲಿಯಾದಾಗ ಹೀಗೆ ಮಾಡಿದೆ’ ಅಂದರೆ ಕೇಳುವವರು ಮುಂದಕ್ಕೆ ಬಾಗುತ್ತಾರೆ. ಅದಕ್ಕಾಗಿ ಒಂದು ಡೈರಿ ಇಡಿ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು, ಒಂದೆರಡು ಸಾಲು ಸಾಕು.

8. ಇಲ್ಲಿಂದ ಎದ್ದು ಬನ್ನಿ

ಎಲ್ಲ ತಂಡವೂ ಒಳ್ಳೆಯದಲ್ಲ. ಸೀನಿಯರುಗಳು ತಮ್ಮ ರೆಕಾರ್ಡ್ ಬರೆಸುತ್ತಿದ್ದಾರೆ, ಎತ್ತಿದ ದುಡ್ಡಿಗೆ ಲೆಕ್ಕ ಕೊಡುವುದಿಲ್ಲ, ಯಾವುದೋ ನಾಯಕರ ಮೆರವಣಿಗೆಗೆ ತಲೆ ತೋರಿಸಲು ಕಾಲೇಜಿನ ಟೀ ಶರ್ಟ್ ಹಾಕಿಸಿ ಕರೆದೊಯ್ಯುತ್ತಾರೆ, ‘ಸ್ವಾಗತ’ದ ಹೆಸರಿನಲ್ಲಿ ಹಿಂಸೆ ಕೊಡುತ್ತಾರೆ. ಇದರಲ್ಲಿ ಯಾವುದಾದರೂ ಒಂದು ಕಂಡರೂ ಬಿಟ್ಟು ಬನ್ನಿ, ವಿವರಣೆ ಕೊಡಬೇಕಿಲ್ಲ. ರ‍್ಯಾಗಿಂಗ್ ಆದರೆ ಯುಜಿಸಿಯ ಉಚಿತ ಸಹಾಯವಾಣಿ 1800-180-5522 ಇದೆ. ಕಾಲೇಜಿನೊಳಗೂ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು.

ಸೆಮಿಸ್ಟರ್ ಪೂರ್ತಿ ಹೋದರೂ ಮನಸ್ಸು ಹತ್ತಲಿಲ್ಲವೇ? ಆಗಲೂ ಬಿಡಬಹುದು. ಕೈಯಲ್ಲಿರುವ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ, ಹೇಳಿ ಹೊರಡಿ.

9. ಏನೂ ಇಲ್ಲದ ಕಾಲೇಜಾದರೆ

ಹೊಸ ಕಾಲೇಜು, ಇನ್ನೂರು ವಿದ್ಯಾರ್ಥಿಗಳು, ಅರ್ಧ ಅತಿಥಿ ಉಪನ್ಯಾಸಕರು, ಒಂದು ಘಟಕವೂ ಸರಿಯಾಗಿ ಇಲ್ಲ. ಇಂಥ ಕಡೆ ಎರಡು ದಾರಿ.

ಒಂದು, ಕಾಲೇಜಿನ ಹೊರಗೆ ನೋಡುವುದು. ಊರಿನ ಗ್ರಂಥಾಲಯ, ಹವ್ಯಾಸಿ ನಾಟಕ ತಂಡ, ಕರಾವಳಿ–ಮಲೆನಾಡಿನಲ್ಲಾದರೆ ಯಕ್ಷಗಾನ ತರಬೇತಿ. ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದದ್ದು ಹಳ್ಳಿಯವರ ಹವ್ಯಾಸದ ತಂಡವಾಗಿಯೇ. ಅಲ್ಲಿ ನಡೆಯುವ ಸಂಸ್ಕೃತಿ ಶಿಬಿರಕ್ಕೆ ರಾಜ್ಯದ ಎಲ್ಲ ಕಡೆಯಿಂದ ಕಾಲೇಜು ಹುಡುಗರು ಬರುತ್ತಾರೆ. ಸಾಹಿತ್ಯ, ನಾಟಕದ ಹುಚ್ಚಿದ್ದವರು ಒಮ್ಮೆ ಹೋಗಿ ಬನ್ನಿ.

ಇನ್ನೊಂದು, ನೀವೇ ಶುರು ಮಾಡುವುದು. ನಾಲ್ಕು ಜನ ಇದ್ದರೆ ಆಯಿತು. ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾರು ಸೇರುತ್ತೇವೆ, ಏನು ಮಾಡುತ್ತೇವೆ, ಯಾವ ದಿನ, ಎಷ್ಟು ಗಂಟೆ, ಯಾವ ಕೋಣೆ ಬೇಕು, ಯಾವ ಅಧ್ಯಾಪಕರು ಜವಾಬ್ದಾರಿಗೆ ಒಪ್ಪಿದ್ದಾರೆ. ಅಷ್ಟೇ ಇರಲಿ. ಮೊದಲ ಪತ್ರದಲ್ಲೇ ದುಡ್ಡು ಕೇಳಬೇಡಿ, ಪತ್ರ ಮೇಜಿನ ಮೇಲೆಯೇ ಕೂರುತ್ತದೆ. ಕೋಣೆ ಮಾತ್ರ ಕೇಳಿದರೆ ಬೇಡ ಅನ್ನುವವರು ಕಡಿಮೆ.

ಉದ್ಘಾಟನೆ, ಅತಿಥಿ, ಶಾಲು ಯಾವುದೂ ಬೇಡ. ಸುಮ್ನೆ ಶುರು ಮಾಡಿ. ಮೊದಲ ವಾರ ಇಪ್ಪತ್ತು ಜನ ಬರುತ್ತಾರೆ, ಮೂರನೇ ವಾರಕ್ಕೆ ಆರು. ಗಾಬರಿ ಬೇಡ, ಎಲ್ಲ ಕಡೆ ಹೀಗೇ ಆಗುತ್ತದೆ. ಆ ಆರು ಜನಕ್ಕೂ ಒಂದೊಂದು ಕೆಲಸ ಹಂಚಿ. ಕಡೇ ಪಕ್ಷ ಇಬ್ಬರು ಮೊದಲ ವರ್ಷದವರಿರಲಿ, ಇಲ್ಲದಿದ್ದರೆ ನೀವು ಪಾಸಾಗಿ ಹೋದ ದಿನ ತಂಡವೂ ಹೋಗುತ್ತದೆ. ಏನೇನು ಮಾಡಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನವರಿಗೆ ಒಪ್ಪಿಸಲು ಅದು ಬೇಕಾಗುತ್ತದೆ. ಪರೀಕ್ಷೆ ವಾರ ಬಿಟ್ಟು ಬೇರೆ ಯಾವ ವಾರವೂ ದಿನ ತಪ್ಪಿಸಬೇಡಿ. ಪರೀಕ್ಷೆಗೆ ರಜೆ ಕೊಡುವಾಗಲೂ ಮುಂದಿನ ಸಭೆಯ ತಾರೀಕನ್ನು ನೋಟಿಸ್ ಬೋರ್ಡಿನಲ್ಲಿ ಬರೆದು ಹೋಗಿ.